ತಿಂಗಳ ಬಾಡಿಗೆ ಇಲ್ಲದ ಟಿ.ವಿ.



ಈಗ ನಮ್ಮೂರಿನ ಬಹಳಷ್ಟು ಮನೆಗಳಲ್ಲಿ ಟಿ.ವಿ. ಇದೆ. ಆದರೆ ಟಿ.ವಿ. ಕೊಂಡರೆ ಮುಗಿಯಲಿಲ್ಲ. ಎಮ್ಮೆ ಕೊಂಡ ಮೇಲೆ ಮೇವು ಹಾಕುವ ಹಾಗೆ ತಿಂಗಳಾ ತಿಂಗಳಾ ಕೇಬಲ್ಲಿಗೆ ದುಡ್ಡು ಕಟ್ಟಬೇಕು. ಎಮ್ಮೆಯಾದರೂ ಹಾಲು ಕೊಡುತ್ತದೆ! ನಮ್ಮ ಮನೆಯಲ್ಲಿ ಹೋದ ವರ್ಷ ದೀಪಾವಳಿ ಆದ ಮೇಲೆ ಕೇಬಲ್ ತೆಗೆಸಿ ಫ್ರೀ ಡಿಶ್ ಹಾಕಿಸಿದೆವು. ಅಂದಿನಿಂದ ಗೆಳೆಯರು "ಅದು ಹೆಂಗ ಪುಕ್ಕಟೆ ಬರ್ತದ? ಕಳ್ಳ ಕನೆಕ್ಷನ್ ಏನು?" ಎಂದು ಕೇಳುತ್ತಿದ್ದಾರೆ. ಕಳ್ಳತನ ಅಲ್ಲ, ಅದು ಕಾನೂನು ಪ್ರಕಾರವೇ ಪುಕ್ಕಟೆ. ಅದು ಹೇಗೆ ಬರುತ್ತದೆ, ಎಷ್ಟು ದುಡ್ಡು ಉಳಿಯುತ್ತದೆ, ನಾವು ಏನು ಕಳೆದುಕೊಳ್ಳುತ್ತೇವೆ, ಈ ಮೂರನ್ನೂ ಇಲ್ಲಿ ಬರೆದಿದ್ದೇನೆ.

1) ಫ್ರೀ ಡಿಶ್ ಎಂದರೇನು?

ದೂರದರ್ಶನ ಮತ್ತು ಆಕಾಶವಾಣಿಯನ್ನು ನಡೆಸುವ ಸಂಸ್ಥೆ ಪ್ರಸಾರ ಭಾರತಿ. ಅದು 2004ರ ಡಿಸೆಂಬರ್‌ನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಸೇವೆಯನ್ನು ಶುರು ಮಾಡಿತು. ಆಗ 33 ಚಾನೆಲ್‌ಗಳಿದ್ದವು. ಅದನ್ನೇ ಈಗ ಡಿ.ಡಿ. ಫ್ರೀ ಡಿಶ್ ಎನ್ನುತ್ತಾರೆ. ಡಿಶ್ (ನಮ್ಮೂರಲ್ಲಿ ಬುಟ್ಟಿ ಅಂತಾರೆ), ಬಾಕ್ಸ್ ಮತ್ತು ವೈರ್ ಇಷ್ಟನ್ನು ಒಂದು ಸಲ ಕೊಂಡರೆ ಸಾಕು. ಆಮೇಲೆ ತಿಂಗಳ ಹಣ ಇಲ್ಲ, ರೀಚಾರ್ಜ್ ಇಲ್ಲ.

"ಮೊದಲಿನ ಹಾಗೆ ಕಂಬಕ್ಕೆ ಅಲ್ಯೂಮಿನಿಯಂ ಆಂಟೆನಾ ಕಟ್ಟಿದರೆ ಇನ್ನೂ ಕಡಿಮೆ ಖರ್ಚಲ್ಲವೇ?" ಎಂದು ಕೆಲವರು ಕೇಳಬಹುದು. ಆ ಹಳೆಯ ಪದ್ಧತಿಯ ಟಿ.ವಿ. ಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು ದೂರದರ್ಶನ 2022ರ ಹೊತ್ತಿಗೆ ನಿಲ್ಲಿಸಿತು. ಹಾಗಾಗಿ ಆ ದಾರಿ ಈಗ ನಮಗಿಲ್ಲ.

2) ನಮ್ಮ ಜಿಲ್ಲೆಗೆ ಬುಟ್ಟಿ ಹೊಸದಲ್ಲ!

ಇದನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು! ತಂತಿ ಜಾಳಿಗೆಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ ಇಟ್ಟು, ಊರವರೆಲ್ಲಾ ಒಂದೇ ಟಿ.ವಿ. ಮುಂದೆ ಕೂತು ನೋಡುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳ ಕಾರ್ಯಕ್ರಮ, ಸಂಜೆ ಒಕ್ಕಲುತನ, ಆರೋಗ್ಯ ಮುಂತಾದವು. ಅದೂ ಪುಕ್ಕಟೆಯೇ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅಂದರೆ ಬೆಂಗಳೂರಿಗಿಂತ ಮೊದಲೇ ನಮ್ಮ ಕಡೆಯ ಹಳ್ಳಿಗಳು ಟಿ.ವಿ. ನೋಡಿದ್ದವು.

3) ಚಿತ್ರ ಹೇಗೆ ಬರುತ್ತದೆ?

ಕಾರ್ಯಕ್ರಮವನ್ನು ದೆಹಲಿಯಿಂದ ಉಪಗ್ರಹಕ್ಕೆ ಕಳಿಸುತ್ತಾರೆ. ಆ ಉಪಗ್ರಹದ ಹೆಸರು ಜಿಸ್ಯಾಟ್-15. ಇಸ್ರೋ ಮಾಡಿದ ಈ ಉಪಗ್ರಹವನ್ನು 2015ರ ನವೆಂಬರ್ 11ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಹಾರಿಸಿದರು. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ರಾಜ್ಯದ ಹಾಸನದಲ್ಲಿ.

ಉಪಗ್ರಹ ನೆಲದಿಂದ ಸುಮಾರು 36,000 ಕಿ.ಮೀ. ಮೇಲಿದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಹಾಕುತ್ತದೆ. ಕಣದಲ್ಲಿ ಹಂತಿ ಹೊಡೆಯುವಾಗ ನೋಡಿದ್ದೀರಲ್ಲ? ಮೇಟಿಯ ಹತ್ತಿರದ ಎತ್ತು ಸಣ್ಣ ಸುತ್ತು ಹಾಕುತ್ತದೆ, ಹೊರಗಿನ ಎತ್ತು ದೊಡ್ಡ ಸುತ್ತು ಹಾಕುತ್ತದೆ, ಆದರೆ ಎರಡೂ ಜೊತೆಯಲ್ಲೇ ಇರುತ್ತವೆ. ಭೂಮಿ ಒಳಗಿನ ಎತ್ತು, ಉಪಗ್ರಹ ಹೊರಗಿನ ಎತ್ತು ಎಂದು ತಿಳಿಯಿರಿ. ಅದಕ್ಕೇ ಉಪಗ್ರಹ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ಬುಟ್ಟಿಯನ್ನು ಒಂದು ಸಲ ಆ ಕಡೆ ತಿರುಗಿಸಿ ಬಿಗಿ ಮಾಡಿದರೆ ಸಾಕು.

ಯಾವ ಕಡೆ? ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ರಾಯಚೂರು ಕಡೆಯಿಂದ ನೋಡಿದರೆ ಅದು ಸರಿಯಾಗಿ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಪೂರ್ವ ಮತ್ತು ದಕ್ಷಿಣದ ನಡುವಿನ ಮೂಲೆಯೇ ಆಗ್ನೇಯ. ಮಾಳಿಗೆಯ ಮೇಲೆ ಬಿದ್ದ ಮಳೆ ನೀರೆಲ್ಲಾ ಒಂದೇ ಕಡೆ ಸುರಿಯುವ ಹಾಗೆ, ಬುಟ್ಟಿ ತನ್ನ ಮೇಲೆ ಬಿದ್ದ ತರಂಗಗಳನ್ನೆಲ್ಲಾ ಮುಂದಿರುವ ಎಲ್.ಎನ್.ಬಿ.ಗೆ ಕಳಿಸುತ್ತದೆ. ಅಲ್ಲಿಂದ ವೈರಿನ ಮೂಲಕ ಬಾಕ್ಸಿಗೆ, ಬಾಕ್ಸಿನಿಂದ ಟಿ.ವಿ.ಗೆ.

ಒಂದು ಸಣ್ಣ ಲೆಕ್ಕ: ಮೇಲೆ 36,000, ಕೆಳಗೆ 36,000, ಒಟ್ಟು 72,000 ಕಿ.ಮೀ. ತರಂಗಗಳ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿದರೆ ಬರೀ 0.24 ಸೆಕೆಂಡು! ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬಂದುಬಿಡುತ್ತದೆ.

4) ಹಾಗಾದರೆ ದುಡ್ಡು ಯಾರು ಕೊಡುತ್ತಾರೆ?

ಪುಕ್ಕಟೆ ಎಂದರೂ ಯಾರಾದರೂ ಕೊಡಲೇಬೇಕಲ್ಲ. ಫ್ರೀ ಡಿಶ್‌ನಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್‌ನವರು ಹರಾಜಿನಲ್ಲಿ ಕೂಗಿ ಪ್ರಸಾರ ಭಾರತಿಗೆ ಹಣ ಕಟ್ಟುತ್ತಾರೆ. ಅವರು ಅದನ್ನು ಜಾಹೀರಾತಿನಿಂದ ದುಡಿಯುತ್ತಾರೆ. ಅಂದರೆ ನಾವು ಸೋಪು, ಚಹಾಪುಡಿ ಕೊಂಡಾಗ ಅದರಲ್ಲಿ ಸ್ವಲ್ಪ ಪಾಲು ಟಿ.ವಿ.ಗೂ ಹೋಗುತ್ತದೆ.

ಕೇಬಲ್ಲಿನದು ಬೇರೆ. 2019ರ ಫೆಬ್ರುವರಿಯಿಂದ ಬಂದ ನಿಯಮದಲ್ಲಿ ಮೊದಲ 100 ಚಾನೆಲ್‌ಗೆ ಹೆಚ್ಚೆಂದರೆ 130 ರೂ. ಮೂಲ ಶುಲ್ಕ. ಅದಕ್ಕೆ ಶೇಕಡಾ 18 ತೆರಿಗೆ ಸೇರಿ 153 ರೂ. 40 ಪೈಸೆ. ಹಣದ ಚಾನೆಲ್‌ಗಳಿಗೆ ಅದರ ಮೇಲೆ ಬೇರೆ ರೇಟು. ಆಮೇಲೆ ನಿಯಮಗಳು ಬದಲಾಗುತ್ತಾ ಬಂದವು, ಬಿಲ್ಲಂತೂ ಇಳಿಯಲಿಲ್ಲ. ನಮ್ಮ ಮನೆಯದು 300 ರೂ. ಆಗಿತ್ತು.

5) ನಮ್ಮ ಮನೆಯ ಲೆಕ್ಕ

ಬುಟ್ಟಿ, ಬಾಕ್ಸ್, ವೈರ್ ಸೇರಿ: 1,500 ರೂ.
ಕೂಡಿಸಿದ ಕೂಲಿ: 300 ರೂ.
ಒಟ್ಟು: 1,800 ರೂ.
ಕೇಬಲ್ ಇದ್ದಿದ್ದರೆ ಒಂದು ವರ್ಷಕ್ಕೆ: 300 × 12 = 3,600 ರೂ.

1,800ನ್ನು 300ರಿಂದ ಭಾಗಿಸಿದರೆ 6. ಅಂದರೆ ಆರು ತಿಂಗಳಿಗೆ ಹಾಕಿದ ಹಣ ವಾಪಸು ಬಂತು. ಬಾಕ್ಸ್ ಕೆಡದಿದ್ದರೆ ಮೂರು ವರ್ಷಕ್ಕೆ 9,000 ರೂ. ಉಳಿಯುತ್ತದೆ. ನಮ್ಮಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಾರೆ. ಅಕ್ಕ ಡಿಗ್ರಿ ಕಾಲೇಜಿಗೆ ಹೋಗುತ್ತಾಳೆ. ಅವಳ ಫೀ, ಪುಸ್ತಕಕ್ಕೆ ಸಾಲ ಮಾಡಬಾರದು ಎಂದೇ ಕೇಬಲ್ ತೆಗೆಸಿದ್ದು.

6) ಸಿಕ್ಕಿದ್ದು, ಹೋದದ್ದು

ಸಿಕ್ಕಿದ್ದು: ಚಂದನ ವಾಹಿನಿ ಚೆನ್ನಾಗಿ ಬರುತ್ತದೆ. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ನೋಡಿ ನಾನು ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಮಕ್ಕಳಿಗೆ 'ಸಂವೇದ' ಪಾಠಗಳು ಬಂದದ್ದೂ ಚಂದನದಲ್ಲೇ. ಆಗ ಅಕ್ಕ ಎಂಟನೇ ತರಗತಿ. ತರಗತಿಗೆ ತಕ್ಕ ಪಾಠದ ಚಾನೆಲ್‌ಗಳೂ ಫ್ರೀ ಡಿಶ್‌ನಲ್ಲಿವೆ. ಕ್ರಿಕೆಟ್ ಪ್ರಿಯರಿಗೆ ಒಂದು ಮಾತು: ಭಾರತ ತಂಡದ ಏಕದಿನ ಮುಂತಾದ ಮುಖ್ಯ ಪಂದ್ಯಗಳನ್ನು ಖಾಸಗಿಯವರು ದೂರದರ್ಶನಕ್ಕೂ ಕೊಡಬೇಕು ಎಂದು 2007ರ ಕಾಯ್ದೆ ಇದೆ. ಐ.ಪಿ.ಎಲ್. ಆ ಕಾಯ್ದೆಯಲ್ಲಿ ಸೇರಿಲ್ಲ.

ಹೋದದ್ದು: ಇದನ್ನು ಮುಚ್ಚಿಡಬಾರದು. ನಾವು ಹಾಕಿಸಿದಾಗ ಕನ್ನಡದ ದೊಡ್ಡ ಖಾಸಗಿ ಮನರಂಜನೆ ಚಾನೆಲ್‌ಗಳು ಅದರಲ್ಲಿ ಬರಲಿಲ್ಲ. ಹಿಂದಿಯವೇ ಜಾಸ್ತಿ. ಅದರಿಂದ ನಮ್ಮವ್ವನ ಧಾರಾವಾಹಿ ನಿಂತುಹೋಯಿತು. ಹೊಲದ ಕೆಲಸ, ರೊಟ್ಟಿ, ಮುಸುರೆ ಎಲ್ಲಾ ಮುಗಿಸಿ ಅವ್ವ ಕೂಡುತ್ತಿದ್ದುದು ಆ ಅರ್ಧ ತಾಸು ಮಾತ್ರ. "ಉಳಿಸಿದ್ದು ಎಲ್ಲಾರೂ, ಬಿಟ್ಟಿದ್ದು ನಾ ಒಬ್ಬಾಕಿ" ಎಂದು ಅವ್ವ ಅಂದಳು. ಆ ಮಾತು ಖರೆ. ಅಪ್ಪನಿಗೆ ಸುದ್ದಿ ಸಿಕ್ಕಿತು, ನನಗೆ ಕ್ರಿಕೆಟ್ ಸಿಕ್ಕಿತು, ಅವ್ವನಿಗೆ ಮಾತ್ರ ಬದಲಿ ಸಿಗಲಿಲ್ಲ.

ಆಗ ಅವ್ವ ಒಂದು ಷರತ್ತು ಹಾಕಿದಳು. "ಉಳೀತದ ಉಳೀತದ ಅಂತೀರಿ, ಎಲ್ಲಿ ಅದ ತೋರಸ್ರಿ. ಕೇಬಲ್‌ನವರು ಬರೋ ದಿನ ಆ ಮುನ್ನೂರು ನನ್ನ ಕೈಯಾಗ ಕೊಡ್ರಿ." ಈಗ ಪ್ರತಿ ತಿಂಗಳು 5ನೇ ತಾರೀಕು ಅಪ್ಪ ಹಣ ಕೊಡುತ್ತಾರೆ, ಅವ್ವ ಡಬ್ಬಿಯಲ್ಲಿ ಹಾಕುತ್ತಾಳೆ. ಅಕ್ಕನ ಪುಸ್ತಕದ ಹಣ ಆ ಡಬ್ಬಿಯಿಂದಲೇ ಬಂತು. ವಾರಕ್ಕೆರಡು ದಿನ ಅವ್ವ ಚಿಕ್ಕಮ್ಮನ ಮನೆಗೆ ಹೋಗಿ ಧಾರಾವಾಹಿ ನೋಡಿ ಬರುತ್ತಾಳೆ. ಆ ದಿನ ಒಲೆಯ ಮುಂದೆ ನಾನು ಮತ್ತು ಅಪ್ಪ.

7) ಹಾಕಿಸುವ ಮುಂಚೆ ನೆನಪಿಡಿ

* ಮನೆಯವರನ್ನೆಲ್ಲಾ, ಅದರಲ್ಲೂ ಅವ್ವ, ಅಜ್ಜಿಯನ್ನು ಕೇಳಿ ತೀರ್ಮಾನ ಮಾಡಿ.
* ಚಾನೆಲ್ ಪಟ್ಟಿ ಆಗಾಗ ಬದಲಾಗುತ್ತದೆ. ಈಗ ಹಾಕಿಸಿಕೊಂಡವರ ಮನೆಗೆ ಹೋಗಿ ಕಣ್ಣಾರೆ ನೋಡಿ.
* ಬಾಕ್ಸ್ ಕೊಳ್ಳುವಾಗ 'ಎಂಪೆಗ್-4' ಎಂದು ಕೇಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಚಾನೆಲ್ ಕಡಿಮೆ.
* ಆಗ್ನೇಯಕ್ಕೆ ಬೇವಿನ ಮರ, ಗೋಡೆ ಅಡ್ಡ ಇರಬಾರದು.
* ಜೋರು ಮಳೆ ಬಂದರೆ ಚಿತ್ರ ನಿಲ್ಲುತ್ತದೆ. ಮಳೆ ಹನಿಗಳು ತರಂಗಗಳನ್ನು ಹೀರಿಕೊಳ್ಳುತ್ತವೆ. ಬಾಕ್ಸ್ ಕೆಟ್ಟಿತೆಂದು ಬಡಿಯಬೇಡಿ. ಗುಡುಗು ಸಿಡಿಲು ಇದ್ದರೆ ಪ್ಲಗ್ ಮತ್ತು ವೈರ್ ಎರಡನ್ನೂ ತೆಗೆಯಿರಿ.
* ಕರೆಂಟ್ ತಂತಿ ಹತ್ತಿರ ಇರುವ ಮಾಳಿಗೆ ಹತ್ತಿ ಮಕ್ಕಳು ಬುಟ್ಟಿ ತಿರುಗಿಸಬಾರದು.

ಕೊನೆಯದಾಗಿ, ಮನೆಗೆ ಯಾವುದು ಸರಿ ಎಂಬುದು ಆಯಾ ಮನೆಯ ಲೆಕ್ಕ. ಆದರೆ ಲೆಕ್ಕ ಹಾಕುವಾಗ ರೂಪಾಯಿಯ ಜೊತೆಗೆ ಯಾರ ಖುಷಿ ಹೋಗುತ್ತದೆ ಎಂಬುದನ್ನೂ ಬರೆಯಿರಿ. ಉಳಿದ ಹಣವನ್ನು ಬೇರೆ ತೆಗೆದಿಡಿ, ಇಲ್ಲದಿದ್ದರೆ ಅದು ಅಂಗಡಿ ಖರ್ಚಿನಲ್ಲಿ ಕರಗಿಹೋಗುತ್ತದೆ. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬ ಗಾದೆ ನಮ್ಮ ಜೋಳದ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಿ ನಿಮ್ಮ ಗೆಳೆಯ,
ಏಳನೇ ತರಗತಿ