ಮೂರು ಬೆರಳು ಹಿಡಿಸದ ಬಾಯಿ

ತೋರುಬೆರಳು, ನಡುಬೆರಳು, ಉಂಗುರಬೆರಳು, ಈ ಮೂರನ್ನೂ ಜೋಡಿಸಿ ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಸಲೀಸಾಗಿ ಹಿಡಿಸಿದರೆ ಚಿಂತೆಯಿಲ್ಲ. ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಎರಡೇ ಬೆರಳು ಹಿಡಿಸುತ್ತಿದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು. ಬರಬರುತ್ತ ಒಂದೇ ಬೆರಳಿಗೆ ಬಂದಿದ್ದರೆ ಕಾಯಿಲೆ ಒಳಗೊಳಗೇ ಬೆಳೆದು ಬಹಳ ದಿನವಾಗಿದೆ ಎಂದೇ ಅರ್ಥ.

ಧಾರವಾಡದಿಂದ ಅಳ್ನಾವರದ ಹಾದಿಯಲ್ಲಿ ಕ್ಯಾರಕೊಪ್ಪದ ನಂತರ ಸಿಗುವ ರೈಲು ನಿಲ್ದಾಣ ಮುಗದ. ಭತ್ತದ ಊರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇಲ್ಲಿದೆ, ‘ಮುಗದ ಸುಗಂಧ’ ತಳಿಗೆ ಹೆಸರು ಕೊಟ್ಟದ್ದೂ ಈ ಊರೇ. ಕೂರಿಗೆಯಲ್ಲಿ ಭತ್ತ ಬಿತ್ತಿ, ಸುಗ್ಗಿಯಲ್ಲಿ ಕುಡಗೋಲು ಹಿಡಿಯುವ ಈ ಸೀಮೆಯ ರೈತಾಪಿ ಜನ ದವಡೆ ಕಟ್ಟುವ ಎರಡು ಕಾಯಿಲೆಗಳನ್ನು ತಿಳಿದಿರಲೇಬೇಕು. ಒಂದು ಹೊಲದ ಮಣ್ಣಿನಿಂದ ಬರುವುದು. ಇನ್ನೊಂದು ಬಸ್ ಸ್ಟ್ಯಾಂಡಿನ ಡಬ್ಬಿ ಅಂಗಡಿಯಿಂದ ಬರುವುದು.

ಮಣ್ಣಿನದ್ದು ಧನುರ್ವಾಯು. ಅದರ ರೋಗಾಣು ಮಣ್ಣಿನಲ್ಲಿ, ತಿಪ್ಪೆಗೊಬ್ಬರದಲ್ಲಿ, ದನಕರುಗಳ ಸಗಣಿಯಲ್ಲಿ ವರ್ಷಗಟ್ಟಲೆ ಸಾಯದೆ ಇರಬಲ್ಲದು. ಕುಡಗೋಲಿನ ಗಾಯದಿಂದಲೋ ಮುಳ್ಳು ಚುಚ್ಚಿದ ಜಾಗದಿಂದಲೋ ಒಳಹೊಕ್ಕರೆ, ಹೆಚ್ಚಾಗಿ 3ರಿಂದ 21 ದಿನಗಳೊಳಗೆ ಅದರ ವಿಷ ನರಗಳಿಗೆ ಏರುತ್ತದೆ. ಬಹುತೇಕ ಮೊದಲು ಬಿಗಿಯುವುದು ದವಡೆ. ಆಮೇಲೆ ಕತ್ತು, ಬೆನ್ನು. ಸಣ್ಣ ಸದ್ದಿಗೂ ಬೆಳಕಿಗೂ ಮೈಯೆಲ್ಲ ಸೆಟೆಯುತ್ತದೆ. ಗಾಯವಾಗಿ ಕೆಲವು ದಿನಗಳಾದ ಮೇಲೆ ಬಾಯಿ ಬಿಗಿದರೆ ಮನೆಮದ್ದು ಎನ್ನುತ್ತ ಕೂರಬಾರದು, ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಈ ಕಾಯಿಲೆಯನ್ನು ಲಸಿಕೆ ಬಹುಮಟ್ಟಿಗೆ ಹಿಮ್ಮೆಟ್ಟಿಸಿದೆ. ಹೆರಿಗೆಯ ಹೊತ್ತಿನಲ್ಲಿ ತಾಯಿ–ಮಗುವಿಗೆ ತಗಲುತ್ತಿದ್ದ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಹಂತ ಮುಟ್ಟಿದೆ ಎಂದು 2015ರಲ್ಲಿ ದೃಢಪಟ್ಟಿತು. ಮನೆಮನೆ ತಿರುಗಿದ ದಾದಿಯರ, ಆಶಾ ಕಾರ್ಯಕರ್ತೆಯರ ದುಡಿಮೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ 16ನೇ ವಯಸ್ಸಿನ ಲಸಿಕೆಯ ನಂತರ ನಮ್ಮ ಗಂಡಸರು ಗಾಯವಾಗದ ಹೊರತು ಇಂಜೆಕ್ಷನ್ ನೆನೆಯುವುದೇ ಇಲ್ಲ. ಹೊಲದಲ್ಲಿ ದುಡಿಯುವವರು 10 ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಕಾಯಿಲೆಗೆ ಲಸಿಕೆಯಿಲ್ಲ. ಅದು ನೋವಿನಿಂದಲೂ ಶುರುವಾಗುವುದಿಲ್ಲ, ಊಟದ ತಾಟಿನಿಂದ ಶುರುವಾಗುತ್ತದೆ. ದಿನಾ ರೊಟ್ಟಿ ಜೊತೆ ಕೆಂಪು ಖಾರ ಉಂಡು ಬೆಳೆದವನು ಒಂದು ದಿನ, ‘ಯಾಕೋ ಖಾರ ತಡೀವಲ್ದು, ಬಾಯಿ ಉರೀತೈತಿ’ ಅನ್ನುತ್ತಾನೆ. ಮನೆಯವರು ಉಷ್ಣ ಎಂದು ಮಜ್ಜಿಗೆ ಕೊಡುತ್ತಾರೆ. ಆ ಉರಿ ಮೊದಲ ಸೂಚನೆ. ಮುಂದೆ ಕೆನ್ನೆಯ ಒಳಪದರ ಕೆಂಪು ಕಳೆದುಕೊಂಡು ಬಿಳಿಚುತ್ತದೆ. ಬೆರಳಾಡಿಸಿದರೆ ಒಳಗೆ ಹುರಿಯಂಥ ಗಟ್ಟಿ ಪಟ್ಟಿಗಳು ತಾಗುತ್ತವೆ. ಸೀಟಿ ಹೊಡೆಯಲು ಬರುವುದಿಲ್ಲ, ಬಲೂನು ಊದಲು ಆಗುವುದಿಲ್ಲ, ನಾಲಿಗೆ ಹೊರಗೆ ಚಾಚುವುದಿಲ್ಲ, ಕಿರುನಾಲಿಗೆ ಮುರುಟಿಕೊಳ್ಳುತ್ತದೆ. ಕೊನೆಗೆ ಮಿರ್ಚಿ ಭಜಿಯನ್ನೂ ಚೂರು ಮಾಡಿ ಬಾಯೊಳಗೆ ತೂರಿಸಬೇಕಾಗುತ್ತದೆ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಆಧುನಿಕ ವೈದ್ಯದಲ್ಲಿ ಇದು ದಾಖಲಾದದ್ದು 1952ರಲ್ಲಿ, ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಮರುವರ್ಷ ಮುಂಬೈಯ ವೈದ್ಯ ಎಸ್.ಜಿ. ಜೋಶಿ ನಮ್ಮ ನೆಲದ ರೋಗಿಗಳ ಬಗ್ಗೆ ಬರೆದರು.

ಇದಕ್ಕೆ ಕಾರಣ ತಂಬಾಕು ಎಂದೇ ಹೆಚ್ಚಿನವರು ನಂಬಿದ್ದಾರೆ. ಹಾಗಾಗಿಯೇ, ‘ನಂದು ಬರೇ ಪಾನ್ ಮಸಾಲಾರಿ, ತಂಬಾಕಿಲ್ಲ’ ಎಂಬ ಮಾತು ಸಮಾಧಾನದಿಂದ ಬರುತ್ತದೆ. ಆ ಸಮಾಧಾನಕ್ಕೆ ಬುಡವಿಲ್ಲ. ಕೆನ್ನೆಯನ್ನು ಬಿಗಿಯುವುದು ಅಡಿಕೆ. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶ ಒಳಪದರದ ಜೀವಕೋಶಗಳನ್ನು ಕೆರಳಿಸಿ ಕೊಲಾಜೆನ್ ನಾರನ್ನು ಬೇಕಾದ್ದಕ್ಕಿಂತ ಹೆಚ್ಚು ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯ ಒಗರು ಆ ನಾರು ಕರಗದಂತೆ ತಡೆಯುತ್ತದೆ, ಅದರಲ್ಲಿರುವ ತಾಮ್ರ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಎಲೆಯಡಿಕೆಯೂ ನಿರಪಾಯವಲ್ಲ. ಆದರೆ ಹಸಿ ಎಲೆಯಿಲ್ಲದ ಒಣ ಅಡಿಕೆ ಪುಡಿಯನ್ನು ಚೀಟಿ ಹರಿದು ದಿನವಿಡೀ ಒಸಡಿನ ಪಕ್ಕ ಇಟ್ಟುಕೊಳ್ಳುವವರಿಗೆ ಕಾಯಿಲೆ ಬಹುಬೇಗ, ಕೆಲವೇ ವರ್ಷಗಳಲ್ಲಿ ಅಂಟುತ್ತದೆ. ಹಾಗಾಗಿಯೇ ಇದು ಹರೆಯದ ಹುಡುಗರ ಕಾಯಿಲೆಯಾಗಿದೆ. ಶಿರಸಿ, ಶಿವಮೊಗ್ಗದ ತೋಟಗಳ ಬೆವರಿನ ಬೆಲೆ ಬಲ್ಲ ಯಾರಿಗೂ ಇದನ್ನು ಹೇಳುವುದು ಸುಲಭವಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ರೋಗಿಗಳಿಂದ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಬಾಯಿ ತೆರೆಯದಿರುವುದಕ್ಕಿಂತ ಅದರ ಹಿಂದೆ ಬರುವುದು ಹೆಚ್ಚು ಘೋರ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಕಾಲ ಗಮನಿಸಿದಾಗ 5 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಬಾಯಿ ತೆರೆಯದವನ ಒಳಗೆ ಹುಣ್ಣಾದರೂ ಕನ್ನಡಿಯಲ್ಲಿ ಕಾಣುವುದಿಲ್ಲ, ವೈದ್ಯರಿಗೂ ಪೂರ್ತಿ ಕಾಣುವುದಿಲ್ಲ. ಬೇರೆ ಯಾವುದೋ ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಕೆ ಇಳಿಸುವುದೂ ದೊಡ್ಡ ಸಾಹಸವಾಗುತ್ತದೆ.

ಬಾಯಿ ಕಟ್ಟಿದ್ದೆಲ್ಲ ಇವೆರಡೇ ಆಗಬೇಕಿಲ್ಲ. ಬುದ್ಧಿಹಲ್ಲಿನ ಸುತ್ತ ಕೀವಾದರೆ, ದವಡೆಯ ಕೀಲು ಜಾರಿದರೆ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದಿದ್ದರೆ ಕೂಡ ಹೀಗಾಗುತ್ತದೆ. ಎಳೆ ಮಗು ಗದ್ದ ಅಡಿಯಾಗಿ ಬಿದ್ದಿದ್ದರೆ ಮುಂದಿನ ತಿಂಗಳುಗಳಲ್ಲಿ ಅದರ ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡುತ್ತಿರಬೇಕು. ಕಿವಿಯ ಮುಂದಿನ ಕೀಲು ಮೂಳೆಗೂಡಿಬಿಟ್ಟರೆ ದವಡೆ ಬೆಳೆಯುವುದೇ ನಿಲ್ಲುತ್ತದೆ.

ಮುಗದದವರಿಗೆ ಚಿಕಿತ್ಸೆ ದೂರದ ಮಾತಲ್ಲ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಆರಂಭದಲ್ಲೇ ಬಂದವರಿಗೆ ಕೆನ್ನೆಯೊಳಗೆ ಇಂಜೆಕ್ಷನ್, ಮಾತ್ರೆ ಕೊಡುತ್ತಾರೆ. ಜೊತೆಗೆ ಕಡ್ಡಿಯ ವ್ಯಾಯಾಮ: ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಸ್ವಲ್ಪ ಹೊತ್ತು ಹಿಡಿಯುವುದು, ಕೆಲವು ದಿನಗಳಿಗೊಮ್ಮೆ ಇನ್ನೊಂದು ಕಡ್ಡಿ ತೂರಿಸುವುದು. ನೋಯುತ್ತದೆ, ಬೇಸರ ಬರುತ್ತದೆ, ಬಿಡುವಂತಿಲ್ಲ. ಬಿಗಿತ ಮೀರಿದವರಿಗೆ ಪಟ್ಟಿಗಳನ್ನು ಕತ್ತರಿಸಿ ಕೆನ್ನೆಯ ಕೊಬ್ಬನ್ನೋ ಮೂಗಿನ ಪಕ್ಕದ ಚರ್ಮವನ್ನೋ ಅಲ್ಲಿಗೆ ಹೊಲಿಯುತ್ತಾರೆ. ಅದಾದ ಮೇಲೂ ಕಡ್ಡಿ ತಪ್ಪುವುದಿಲ್ಲ. ವ್ಯಾಯಾಮ ಬಿಟ್ಟರೆ, ಮತ್ತೆ ಚೀಟಿ ಹರಿದರೆ, ಬಾಯಿ ಪುನಃ ಕಟ್ಟುತ್ತದೆ. ಒಮ್ಮೆ ಗಟ್ಟಿಯಾದ ಪದರವನ್ನು ಪೂರ್ತಿ ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ.

ಕರ್ನಾಟಕ ಸರ್ಕಾರ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲಾದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಆಯಿತು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಅದೇ ಗುಟ್ಕಾ. ಈ ಕಳ್ಳದಾರಿಯನ್ನು ಮುಚ್ಚದೆ ನಿಷೇಧ ಎಂದರೆ ಅದು ಕಾಗದದ ಮಾತು. ಅಡಿಕೆ ಪುಡಿಯ ಚೀಟಿಯನ್ನು ಶಾಲೆಯ ಹುಡುಗರ ಕೈಗೆ ಎಟುಕದಂತೆ ಮಾಡುವುದು ಪಂಚಾಯಿತಿಗಳು ಇಂದೇ ಕೈಗೆತ್ತಿಕೊಳ್ಳಬಹುದಾದ ಕೆಲಸ.

ಚಟ ಬಿಡುವುದು ಒಬ್ಬರಿಂದಾಗದಿದ್ದರೆ 1800-11-2356ಕ್ಕೆ ಕರೆ ಮಾಡಿ. ಶುಲ್ಕವಿಲ್ಲದ ಈ ರಾಷ್ಟ್ರೀಯ ತಂಬಾಕು ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.