ಮುಳುಗುವ ಮುನ್ನ ಒಂದು ಚಿತ್ರ

ಬಬಲೇಶ್ವರ, ತಿಕೋಟಾ ಭಾಗದ ಬರದ ಹೊಲಗಳಿಗೆ ಇಂದು ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ವಿಜಯಪುರದವರಾದ ನಮಗೆ ಇದು ಸಂತಸದ ವಿಷಯ. ಆದರೆ ಇದೇ ನದಿಗೆ ಕಟ್ಟಿದ, 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನೂ ಅನೇಕ ಹಳ್ಳಿಗಳನ್ನೂ ನುಂಗಿತೆಂಬುದನ್ನು ಮರೆಯಲಾಗದು.

ಪರಿಹಾರದ ಕಡತದಲ್ಲಿ ಮನೆಗೆ ಅಳತೆಯಿದೆ, ಬೆಲೆಯಿದೆ. ಕಟ್ಟೆಯ ಮೇಲಿನ ಸಂಜೆಯ ಮಾತಿಗೂ ರೊಟ್ಟಿ ಬಡಿಯುವ ಅಜ್ಜಿಗೂ ಅಲ್ಲಿ ಸ್ಥಳವಿಲ್ಲ. ಆ ಬದುಕಿನ ಅಷ್ಟಿಷ್ಟು ಉಳಿದಿರುವುದು ಹಳೆಯ ಮದುವೆಯ ಭಾವಚಿತ್ರಗಳಲ್ಲಿ, ವಧೂವರರ ಬೆನ್ನ ಹಿಂದೆ: ತಲಬಾಗಿಲು, ಮಣ್ಣಿನ ಗೋಡೆ, ಇಣುಕುವ ನೆರೆಯವರು.

ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಅದು ನೆರವೇರಿದರೆ ಇನ್ನಷ್ಟು ಊರುಗಳು ಮುಳುಗಲಿವೆ. ಅಲ್ಲಿ ಬಂಧುಬಳಗವಿರುವವರು ಅದಕ್ಕೆ ಮೊದಲೇ ಕ್ಯಾಮೆರಾ ಹಿಡಿದು ಹೋಗಿಬರಲಿ. ಹಬ್ಬದ ದಿನವನ್ನಷ್ಟೇ ಅಲ್ಲ, ಬಾವಿಕಟ್ಟೆ, ದನದ ಕೊಟ್ಟಿಗೆ, ವಾರದ ಸಂತೆಗಳನ್ನೂ ಸೆರೆಹಿಡಿಯಲಿ.

ಮನೆಯಲ್ಲಿರುವ ಹಳೆಯ ಚಿತ್ರಗಳ ಹಿಂದೆ ಹೆಸರು, ಓಣಿ, ವರ್ಷಗಳನ್ನು ಹಿರಿಯರಿಂದ ಕೇಳಿ ಪೆನ್ಸಿಲ್ಲಿನಿಂದ ಬರೆದಿಡೋಣ. ಗುರುತಿಸುವವರು ಅಗಲಿದ ಮೇಲೆ ಚಿತ್ರವೂ ಮೂಕವಾಗುತ್ತದೆ.