ಶಬ್ದಗಳ ವಲಸೆಯೂ ಭಾಷೆಯ ಕಾವಲೂ

ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರು-ಇಂದಿರಾನಗರಗಳ ಆಚೆಗೆ ಕಗ್ಗದಾಸಪುರವಿದೆ. ಕೆರೆಯ ಮಗ್ಗುಲಲ್ಲಿದ್ದ ಹಳ್ಳಿಯು ಇಂದು ನಗರದ ಒಡಲಿನಲ್ಲಿ ಸೇರಿಹೋಗಿದೆ. ಇಲ್ಲಿನ ಅಂಗಡಿಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಇಂಗ್ಲಿಷುಗಳು ಒಂದರ ಪಕ್ಕದಲ್ಲೊಂದು ಕೇಳಿಬರುತ್ತವೆ. “ಮೇಸ್ತ್ರಿ ತಾರೀಖು ಹೇಳಿ ಹೋದರು, ಚಾವಿ ಅಲ್ಮೆರಾದಲ್ಲಿದೆ, ಬಸ್ಸಿಗೆ ಹೊತ್ತಾಯಿತು” ಎಂದು ಯಾರಾದರೂ ನುಡಿದರೆ ಅದು ಕನ್ನಡವೇ ಎಂಬುದರಲ್ಲಿ ನಮಗೆ ಸಂಶಯವುಂಟಾಗುವುದಿಲ್ಲ. ಆದರೆ ಮೇಸ್ತ್ರಿ, ಚಾವಿ, ಅಲ್ಮೆರಾ ಈ ಮೂರೂ ಪೋರ್ಚುಗೀಸರಿಂದ ಬಂದ ಶಬ್ದಗಳು, ತಾರೀಖು ಅರಬ್ಬಿಯದು, ಬಸ್ಸು ಇಂಗ್ಲಿಷಿನದು. ನಾಮಪದಗಳಲ್ಲಿ ‘ಹೊತ್ತು’ ಒಂದೇ ನಮ್ಮ ಸ್ವಂತದ್ದು. ಹಾಗಿದ್ದರೂ ಇದನ್ನು ಕನ್ನಡವೆನ್ನಲು ಕಾರಣವೇನು? ಪರಭಾಷೆಯ ಶಬ್ದಗಳನ್ನು ಒಳಗೆ ಬಿಡುವ ನಿಯಮ ಯಾವುದು, ಅದನ್ನು ವಿಧಿಸುವವರಾರು? ಈ ಪ್ರಶ್ನೆಯನ್ನು ನಾವು ಸ್ವಲ್ಪ ವಿಚಾರಿಸೋಣ.

ಬಸ್ಸಿನ ಪೂರ್ವೋತ್ತರ

ಮೊದಲು ಬಸ್ಸನ್ನೇ ತೆಗೆದುಕೊಳ್ಳೋಣ. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗೆ’ ಎಂದರ್ಥ. 1828ರಲ್ಲಿ ಪ್ಯಾರಿಸಿನಲ್ಲಿಯೂ 1829ರಲ್ಲಿ ಲಂಡನಿನಲ್ಲಿಯೂ ಸಾರ್ವಜನಿಕರಿಗಾಗಿ ಓಡಿದ ಕುದುರೆಗಾಡಿಗಳಿಗೆ ಈ ಹೆಸರು ಬಂದಿತು. ಜನರ ಬಾಯಲ್ಲಿ ಅದು ಸವೆದು ‘ಬಸ್’ ಎಂದಾಯಿತು. ಲ್ಯಾಟಿನ್ ವ್ಯಾಕರಣದಲ್ಲಿ ‘ಬುಸ್’ ಎಂಬುದು ಬಹುವಚನದ ಚತುರ್ಥೀ ವಿಭಕ್ತಿ ಪ್ರತ್ಯಯದ ಭಾಗ. ಎಂದರೆ, ‘ಎಲ್ಲರು’ ಎಂಬ ಪ್ರಕೃತಿಯು ಉದುರಿಹೋಗಿ ‘ಇಗೆ’ ಎಂಬ ಪ್ರತ್ಯಯ ಮಾತ್ರ ವಾಹನದ ಹೆಸರಾಗಿ ಉಳಿಯಿತು! ಕನ್ನಡಿಗನು ಅದಕ್ಕೆ ತನ್ನ ಭಾಷೆಯ ಉಕಾರವನ್ನು ತೊಡಿಸಿ ‘ಬಸ್ಸು’ ಮಾಡಿದನು. ಮತ್ತೆ ‘ಬಸ್ಸಿಗೆ’ ಎಂದು ತನ್ನ ಚತುರ್ಥಿಯನ್ನೂ ಸೇರಿಸಿದನು. ಪ್ರತ್ಯಯದ ಮೇಲೊಂದು ಪ್ರತ್ಯಯ ಬಿದ್ದರೂ ಕೇಳುವ ಕಿವಿಗೆ ಯಾವ ತೊಡಕೂ ಇಲ್ಲ.

ಸಾಲವೇ ಬಂಡವಾಳ

ನಮಗೆ ಇಷ್ಟೊಂದು ಶಬ್ದಗಳನ್ನು ಕೊಟ್ಟ ಇಂಗ್ಲಿಷು ತಾನೇ ದೊಡ್ಡ ಸಾಲಗಾರ ಭಾಷೆ. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದಮೇಲೆ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ಮೆರೆಯಿತು. ವಿದ್ವಾಂಸರು ಲ್ಯಾಟಿನ್, ಗ್ರೀಕ್ ಶಬ್ದಗಳನ್ನು ತಂದು ಸುರಿದರು. ನಿಘಂಟಿನ ಸುಮಾರು 80,000 ಶಬ್ದಗಳನ್ನು ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದ ಒಂದು ಎಣಿಕೆಯಂತೆ ಫ್ರೆಂಚ್ ಮೂಲದವು ನೂರಕ್ಕೆ ಸುಮಾರು 28, ಲ್ಯಾಟಿನ್ ಮೂಲದವು ಮತ್ತೆ 28. ಇಂಗ್ಲಿಷಿನ ಸ್ವಂತ ಕುಲವಾದ ಜರ್ಮಾನಿಕ್ ಮೂಲದವು 25ರಷ್ಟು ಮಾತ್ರ. ಸರ್ವನಾಮಗಳನ್ನು ಭಾಷೆಗಳು ಸಾಲ ತರುವುದು ಬಲು ಅಪರೂಪ. ಆದರೆ ‘ಅವರು’ ಎಂಬರ್ಥದ ‘ದೇ’ ಎಂಬ ಸರ್ವನಾಮವನ್ನು ಕೂಡ ಇಂಗ್ಲಿಷು ಸ್ಕ್ಯಾಂಡಿನೇವಿಯದ ವಲಸಿಗರಿಂದ ಪಡೆಯಿತು.

ಈ ಸಾಲದ ಪಟ್ಟಿಯಲ್ಲಿ ದಕ್ಷಿಣ ಭಾರತದ ಲೆಕ್ಕವೂ ಇದೆ. ಹಲಸೂರಿಗೆ ಆ ಹೆಸರು ಹಲಸಿನ ಮರಗಳಿಂದ ಬಂದುದೆಂದು ಹೇಳುವರು. ಆ ಹಲಸಿಗೆ ಇಂಗ್ಲಿಷಿನಲ್ಲಿರುವ ‘ಜ್ಯಾಕ್’ ಎಂಬ ಹೆಸರು ಯಾವ ಆಂಗ್ಲ ಪುರುಷನದೂ ಅಲ್ಲ. ಮಲಯಾಳದ ‘ಚಕ್ಕ’ವು ಪೋರ್ಚುಗೀಸರ ಬಾಯಲ್ಲಿ ‘ಜಾಕ’ವಾಗಿ ಇಂಗ್ಲಿಷಿಗೆ ಸೇರಿತು. ‘ಮ್ಯಾಂಗೊ’ ಬಂದುದು ತಮಿಳು-ಮಲಯಾಳಗಳ ‘ಮಾಂಗಾಯ್’, ‘ಮಾಂಗ’ಗಳಿಂದ; ಅದರ ಕೊನೆಯಲ್ಲಿ ಅಡಗಿರುವುದು ನಮ್ಮ ‘ಕಾಯಿ’ಯೇ. ‘ಟೀಕ್’ ಎಂಬುದು ನಮ್ಮ ತೇಗದ ದಾಯಾದಿ.

ಕಾವಲು ನಿಂತವರು

ಭಾಷೆಯ ಬಾಗಿಲಿಗೆ ಕಾವಲಿರಬೇಕೆಂದು ಬಯಸಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಫ್ರಾನ್ಸಿನಲ್ಲಿ ಇದಕ್ಕಾಗಿಯೇ 1635ರಲ್ಲಿ 40 ಸದಸ್ಯರ ಅಕಾಡೆಮಿಯೊಂದು ಸ್ಥಾಪಿತವಾಯಿತು. ಇಂಗ್ಲೆಂಡಿನಲ್ಲಿ ಅಂತಹ ಸಂಸ್ಥೆ ಹುಟ್ಟಲಿಲ್ಲ, ವ್ಯಕ್ತಿಗಳು ಪ್ರಯತ್ನಿಸಿದರು. 19ನೆಯ ಶತಮಾನದಲ್ಲಿ ವಿಲಿಯಂ ಬಾರ್ನ್ಸ್ ಎಂಬ ಕವಿಯು ‘ಫೋಟೊಗ್ರಾಫ್’ ಎಂಬ ಗ್ರೀಕ್ ಶಬ್ದದ ಬದಲು ‘ಸನ್-ಪ್ರಿಂಟ್’, ಎಂದರೆ ‘ಸೂರ್ಯಮುದ್ರೆ’ ಎನ್ನಬೇಕೆಂದನು. ಶಬ್ದ ಸುಂದರವಾಗಿತ್ತು; ಜನರು ಬಳಸಲಿಲ್ಲ.

ಕನ್ನಡದಲ್ಲಿ ಈ ಚರ್ಚೆ ಬಹು ಹಳೆಯದು. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನು ಕನ್ನಡದಲ್ಲಿ ಬರೆಯುವೆನೆಂದು ಹೊರಟು ಸಂಸ್ಕೃತವನ್ನು ತುರುಕುವವರನ್ನು ಹಂಗಿಸಿ, ಅದನ್ನು ತುಪ್ಪಕ್ಕೆ ಎಣ್ಣೆ ಬೆರಸುವುದಕ್ಕೆ ಹೋಲಿಸಿದನು. 13ನೆಯ ಶತಮಾನದ ಆಂಡಯ್ಯನು ‘ಕಬ್ಬಿಗರ ಕಾವ’ದಲ್ಲಿ ತತ್ಸಮಗಳನ್ನು ಬಿಟ್ಟು, ದೇಶ್ಯ, ತದ್ಭವಗಳಿಂದಲೇ ಕಾವ್ಯವನ್ನು ಕಟ್ಟಿ ತೋರಿಸಿದನು. ಅದೇ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡ-ಸಂಸ್ಕೃತ ಪದಗಳನ್ನು ಒಂದೇ ಸಮಾಸದಲ್ಲಿ ಬೆಸೆಯುವುದನ್ನು ‘ಅರಿಸಮಾಸ’ವೆಂದು ದೋಷದ ಪಟ್ಟಿಗೆ ಸೇರಿಸಿದನು. ಆದರೆ ಬಿರುದುಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅದಕ್ಕೆ ವಿನಾಯಿತಿಯನ್ನಿತ್ತನು. ಬಳಕೆಯ ಬಲವನ್ನು ಅವನು ಅರಿತಿದ್ದನು. ‘ನಡುರಾತ್ರಿ’ಯಂತಹ ಬೆರಕೆಯ ಪದವನ್ನು ಇಂದು ಯಾರೂ ದೋಷವೆಂದು ಎಣಿಸುವುದಿಲ್ಲ.

ಕೇಶಿರಾಜನ ಇನ್ನೊಂದು ಕೆಲಸ ಇದಕ್ಕಿಂತ ಮಹತ್ತ್ವದ್ದು. ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಯಾವುದಾಗುವುದೆಂಬುದನ್ನು ಅವನು ಸೂತ್ರಗಳಲ್ಲಿ ನಿರೂಪಿಸಿದನು. ‘ವೀಥಿ’ ಬೀದಿಯಾಗುವುದು, ‘ಆಕಾಶ’ ಆಗಸವಾಗುವುದು ಇಂತಹ ನಿಯಮಗಳಿಂದಲೇ. ಯಾವ ಪಂಡಿತನೂ ವಿಧಿಸದೆ ಜನರ ನಾಲಗೆಯಲ್ಲಿ ತಾನಾಗಿ ನಡೆಯುವ ನಿಯಮಗಳಿವು. ಬಸ್ಸಿಗೆ ಉಕಾರವನ್ನು ತೊಡಿಸಿದುದೂ ಇಂತಹುದೇ ನಿಯಮ. ಭಾಷೆಯ ನಿಜವಾದ ಕಾವಲು ಇಲ್ಲಿದೆ. ಧ್ವನಿ, ವಿಭಕ್ತಿ, ಕ್ರಿಯಾಪದಗಳು ಗಟ್ಟಿಯಾಗಿರುವವರೆಗೆ ಬಂದ ಶಬ್ದವು ಮನೆಯವನಾಗುವುದು.

ಕಳೆದುಹೋದ ಸೋದರಮಾವ

ಹಾಗಾದರೆ ಸಾಲದಿಂದ ನಷ್ಟವೇ ಇಲ್ಲವೆ? ಇದೆ. ಇಂಗ್ಲಿಷಿನ ಚರಿತ್ರೆಯೇ ಅದನ್ನು ತೋರಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸಹೋದರನಿಗೆ ‘ಫೆದೆರ’ ಎಂದೂ ತಾಯಿಯ ಸಹೋದರನಿಗೆ ‘ಏಆಮ್’ ಎಂದೂ ಬೇರೆ ಬೇರೆ ಶಬ್ದಗಳಿದ್ದವು. ಲ್ಯಾಟಿನ್ನಿನಲ್ಲಿಯೂ ಈ ಭೇದವಿತ್ತು. ಅಲ್ಲಿ ‘ಅವುಂಕುಲುಸ್’ ಎಂದರೆ ಸೋದರಮಾವ ಮಾತ್ರ. ಅದು ಫ್ರೆಂಚಿನಲ್ಲಿ ಸವೆದು, ಅರ್ಥದಲ್ಲಿ ಹಿಗ್ಗಿ, 13ನೆಯ ಶತಮಾನದ ಹೊತ್ತಿಗೆ ‘ಅಂಕಲ್’ ಆಗಿ ಇಂಗ್ಲಿಷಿಗೆ ಬಂದಿತು. ಕಾಲಕ್ರಮದಲ್ಲಿ ಹಳೆಯ ಎರಡು ಶಬ್ದಗಳೂ ಅಳಿದವು. ಶಬ್ದಗಳೊಡನೆ ಭೇದವೂ ಅಳಿಯಿತು.

ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂಬುವು ಬರಿಯ ಹೆಸರುಗಳಲ್ಲ. ಚಿಕ್ಕಪ್ಪನ ಮಕ್ಕಳು ನಮಗೆ ಒಡಹುಟ್ಟಿದವರ ಸಮಾನ. ಸೋದರಮಾವನ ಮಕ್ಕಳೊಡನೆ ಅನೇಕ ಕುಲಗಳಲ್ಲಿ ಕೊಟ್ಟು ತರುವ ಸಂಬಂಧ ನಡೆದುಬಂದಿದೆ. ಕುಟುಂಬದ ರಚನೆಯೇ ಆ ಶಬ್ದಗಳಲ್ಲಿ ಅಡಗಿದೆ. ನೆರೆಮನೆಯವರನ್ನು ಕರೆಯಲು ಬಂದ ‘ಅಂಕಲ್’ ಈಗ ನಗರದ ಮನೆಗಳ ಒಳಗೂ ಕಾಲಿಟ್ಟು ಈ ಮೂವರನ್ನೂ ಒಬ್ಬನನ್ನಾಗಿ ಮಾಡತೊಡಗಿದೆ. ಇಂಗ್ಲಿಷರು ಏಳು ಶತಮಾನಗಳ ಹಿಂದೆ ಅನುಭವಿಸಿದ ನಷ್ಟವನ್ನು ನಾವು ಅವರಿಂದ ಎರವಲು ಪಡೆಯುತ್ತಿದ್ದೇವೆ.

ಆದುದರಿಂದ ಬಂದ ಶಬ್ದದ ಕುಲವನ್ನು ಕೇಳುವುದಕ್ಕಿಂತ, ಅದು ಖಾಲಿಯಿದ್ದ ಸ್ಥಳದಲ್ಲಿ ಕುಳಿತಿದೆಯೋ, ಇದ್ದವರನ್ನು ಎಬ್ಬಿಸಿ ಕುಳಿತಿದೆಯೋ ಎಂದು ಕೇಳುವುದು ಉಚಿತ. ಹೊಸ ವಸ್ತುವಿಗೆ ಹೊಸ ಹೆಸರನ್ನು ತರಲೇಬೇಕೆಂದೂ ಇಲ್ಲ. ಅಮೆರಿಕ ಖಂಡದ ಒಂದು ಕಾಯಿಯು ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತು. ಇಂಗ್ಲಿಷು ಅದನ್ನು ಮೆಕ್ಸಿಕೊದ ನಹುವಾಟ್ಲ್ ಭಾಷೆಯ ಹೆಸರಿನಿಂದಲೇ ‘ಚಿಲ್ಲಿ’ ಎಂದು ಕರೆಯಿತು. ಕನ್ನಡಿಗರು ಅದರ ಖಾರವನ್ನು ನೋಡಿ, ತಮ್ಮ ಮೆಣಸನ್ನು ನೆನೆದು, ‘ಮೆಣಸಿನಕಾಯಿ’ ಎಂದರು. ಯಾವ ಅಕಾಡೆಮಿಯೂ ಇದನ್ನು ವಿಧಿಸಿರಲಿಲ್ಲ. ಆ ಶಬ್ದವನ್ನು ಕಟ್ಟಿದ ಶಕ್ತಿ ನಮ್ಮ ನಾಲಗೆಯಲ್ಲಿ ಇನ್ನೂ ಇದೆ. ವಿದ್ಯಾರ್ಥಿಗಳು ಅದನ್ನು ಬಳಸಿದಷ್ಟೂ ಅದು ಹರಿತವಾಗುವುದು.